ಗುಂಡಿ ಹಾಕಿದ ತೋಳು

ಅರಸೀಕೆರೆಯ ನಮ್ಮ ಶಾಲೆಯ ಹಿಂದಿನ ಮೈದಾನದ ಅಂಚಿನಲ್ಲಿ ಒಂದು ಹೊಂಗೆಮರವಿತ್ತು. ಅದರ ಬುಡವೇ ನನ್ನ ಜಾಗ. ತರಗತಿಯ ಹುಡುಗರೆಲ್ಲ ಕ್ರಿಕೆಟ್ ಆಡುವಾಗ ನಾನು ಅಲ್ಲಿ ಕುಳಿತು, ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎಡಗೈಯಿಂದ ಸ್ಕೋರ್ ಬರೆಯುತ್ತಿದ್ದೆ. ನಾಲ್ಕನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಬಲಗೈಯನ್ನು ಸಣಕಲು ಮಾಡಿಬಿಟ್ಟಿತ್ತು. ‘ಹುಡುಗನಿಗೆ ಕೈ ಸ್ವಾಧೀನವಿಲ್ಲ’ ಎಂದು ಹಿರಿಯರು ಮನೆಗೆ ಬಂದವರ ಕಿವಿಯಲ್ಲಿ ಹೇಳುತ್ತಿದ್ದರು. ಅಮ್ಮ ಬೇಸಿಗೆಯಲ್ಲೂ ನನಗೆ ತುಂಬು ತೋಳಿನ ಅಂಗಿಯನ್ನೇ ಹೊಲಿಸುತ್ತಿದ್ದರು. ಆ ತೋಳಿನ ಗುಂಡಿಯನ್ನು ನಾನು ಒಂದು ದಿನವೂ ಬಿಚ್ಚಿದವನಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ, 1971ರ ಆಗಸ್ಟ್ 23ರಂದು, ಗೌರಿ ಹಬ್ಬ. ಪಕ್ಕದ ಮನೆಯ ರೈಲ್ವೆ ಗಾರ್ಡ್ ಮಾವ ಜಗಲಿಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕುಳಿತಿದ್ದರು. ಓವಲ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ನಾವು 71 ರನ್ ಹಿಂದೆ ಬಿದ್ದಿದ್ದೆವು. ಕೊರಕೊರ ಎನ್ನುವ ಸದ್ದಿನ ನಡುವೆ ಬರುತ್ತಿದ್ದ ಇಂಗ್ಲಿಷ್ ವೀಕ್ಷಕ ವಿವರಣೆ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಒಂದು ಹೆಸರು ಮಾತ್ರ ಮತ್ತೆ ಮತ್ತೆ ಕೇಳಿಸಿತು, ನಮ್ಮ ಲೆಗ್‌ಸ್ಪಿನ್ ಬೌಲರ್ ಚಂದ್ರಶೇಖರ್. ಲಕ್‌ಹರ್ಸ್ಟ್ ನೇರವಾಗಿ ಬಾರಿಸಿದ ಚೆಂಡು ಅವರ ಕೈಗೆ ತಾಗಿ ವಿಕೆಟ್‌ಗೆ ಬಡಿದು, ಕ್ರೀಸಿನ ಹೊರಗಿದ್ದ ಜೇಮ್ಸನ್ ರನ್ ಔಟ್. ಬಳಿಕ ಎಡ್ರಿಚ್, ಬ್ಯಾಟ್ ಕೆಳಗಿಳಿಸುವ ಮೊದಲೇ ಬೌಲ್ಡ್. ಮುಂದಿನ ಎಸೆತಕ್ಕೇ ಫ್ಲೆಚರ್, ಸೋಲ್ಕರ್ ಕೈಗೆ ಕ್ಯಾಚ್. ಎಡ್ರಿಚ್‌ಗೆ ಎಸೆದ ಆ ವೇಗದ ಚೆಂಡಿನ ಕಥೆ ಮುಂದೆ ಕೇಳಿದೆ: ‘ಮಿಲ್ ರೀಫ್ ಹಾಕು’ ಎಂದು ತಂಡದ ಜೊತೆಗಾರ ಸರ್‌ದೇಸಾಯಿ ಸೂಚಿಸಿದ್ದರಂತೆ. ಮಿಲ್ ರೀಫ್ ಆ ಕಾಲದ ಹೆಸರಾಂತ ರೇಸ್ ಕುದುರೆ. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್.

ಮಾವ ರೇಡಿಯೊ ಆರಿಸಿ ನನ್ನ ಕಡೆ ತಿರುಗಿದರು. “ಅವರ ಬಲಗೈಗೂ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು, ಮರಿ. ನಿನ್ನ ಕೈಯಂಥದೇ ಕೈ. ಬೌಲಿಂಗ್ ಮಾಡಿದ್ದು ಅದೇ ಕೈಯಲ್ಲಿ” ಎಂದರು. ನಾನು ಮಾತಾಡಲಿಲ್ಲ. ಮನೆಗೆ ಹೋಗಿ, ಬಾಗಿನದ ಮೊರಗಳ ಮಧ್ಯೆ ಕುಳಿತು, ಅಂಗಿಯ ಮೇಲಿನಿಂದಲೇ ನನ್ನ ಬಲಗೈಯನ್ನು ಮುಟ್ಟಿ ನೋಡಿಕೊಂಡೆ.

ಮರುದಿನ ಗಣೇಶನ ಹಬ್ಬ. ಅತ್ತ ಓವಲ್ ಮೈದಾನಕ್ಕೆ ನಮ್ಮ ಅಭಿಮಾನಿಗಳು ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಕರೆತಂದಿದ್ದರು. ಇತ್ತ ಚೌತಿಯ ಚಂದ್ರ ಕಣ್ಣಿಗೆ ಬೀಳಬಾರದೆಂದು ಅಜ್ಜಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬೇಕಿದ್ದದ್ದು 173 ರನ್. ಭದ್ರಾವತಿಯ ವಿಶ್ವನಾಥ್ 33 ಹೊಡೆದು ಔಟಾದಾಗ ಎದೆ ಹೊಡೆದುಕೊಂಡಿತು. ಸಂಜೆ ಏಳರ ಸುಮಾರಿಗೆ ಅಬಿದ್ ಅಲಿ ಬೌಂಡರಿ ಹೊಡೆದರು. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಮುಚ್ಚಿದ ಕಿಟಕಿಯ ಒಳಗೆ ನಾವು ‘ಚಂದ್ರ, ಚಂದ್ರ’ ಎಂದು ಕುಣಿದೆವು. ಅಜ್ಜಿ ಬೈಯಲಿಲ್ಲ.

ಹಬ್ಬ ಕಳೆದ ಮೇಲೆ ಪತ್ರಿಕೆಯಲ್ಲಿ ಅವರ ಚಿತ್ರ ಬಂತು. ನನ್ನ ಕಣ್ಣು ಮೊದಲು ಹೋದದ್ದು ಅಂಗಿಯ ತೋಳಿಗೆ. ಮಣಿಕಟ್ಟಿನವರೆಗೂ ಇಳಿಬಿಟ್ಟು ಗುಂಡಿ ಹಾಕಿದ ತೋಳು! ಆ ಚಿತ್ರವನ್ನು ಕತ್ತರಿಸಿ ಭೂಗೋಳ ಪುಸ್ತಕದಲ್ಲಿ ಇಟ್ಟುಕೊಂಡೆ. ಮರುದಿನದಿಂದ ನಾನು ತುಂಬು ತೋಳಿನ ಅಂಗಿ ತೊಟ್ಟದ್ದು ಚಂದ್ರ ತೊಡುತ್ತಾರೆಂಬ ಕಾರಣಕ್ಕೆ. ಅದೇ ಅಂಗಿ, ಅದೇ ಗುಂಡಿ. ಆದರೆ ಹಾಕಿಕೊಳ್ಳುವಾಗ ತಲೆ ತಗ್ಗುತ್ತಿರಲಿಲ್ಲ.

ಅವರು ಅಂಗವೈಕಲ್ಯವನ್ನು ಗೆದ್ದರು ಎಂದು ಬರೆಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಅವರು ಗೆದ್ದದ್ದು ಬ್ಯಾಟ್ಸ್‌ಮನ್‌ಗಳನ್ನು, ಅದೂ ಆ ಕೈಯ ನೆರವಿನಿಂದಲೇ. ತೆಳ್ಳಗಿನ ತೋಳು ಚಾಟಿಯಂತೆ ಬೀಸಿ ಬರುತ್ತಿತ್ತು. ಲೆಗ್‌ಸ್ಪಿನ್ನರ್‌ಗಳಲ್ಲಿ ಅಪರೂಪವಾದ ಉದ್ದನೆಯ ಓಟ, ಹೆಚ್ಚುಕಡಿಮೆ ಮಧ್ಯಮ ವೇಗದ ಬೌಲರನ ಬಿರುಸು, ಅದರೊಳಗೆ ಎಣಿಸಿದ್ದಕ್ಕೆ ಎದುರು ದಿಕ್ಕಿಗೆ ತಿರುಗುವ ಗೂಗ್ಲಿ. 58 ಟೆಸ್ಟ್‌ಗಳಲ್ಲಿ 242 ವಿಕೆಟ್. 1977ರ ಕೊನೆಯಲ್ಲಿ ಶುರುವಾದ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ 52ಕ್ಕೆ ಆರು, ಆಸ್ಟ್ರೇಲಿಯಾದಲ್ಲಿ ನಮ್ಮ ಮೊದಲ ಗೆಲುವು. ಮೈಸೂರಿನಲ್ಲಿ ಹುಟ್ಟಿದ ಒಬ್ಬ ಹುಡುಗನ ಸೊರಗಿದ ಕೈ ಮಾಡಿದ ಕೆಲಸ ಇದು.

ನಾನೂ ಹೊಂಗೆಮರದ ಬುಡದಿಂದ ಎದ್ದು ಹೋಗಿ ಬೌಲಿಂಗ್ ಮಾಡಿದೆ. ಚೆಂಡು ಪಿಚ್ಚಿನ ಅರ್ಧಕ್ಕೂ ಹೋಗದೆ ಎರಡು ಸಲ ಪುಟಿಯಿತು. ನಗು ಕೇಳಿಸಿತು, ಇನ್ನೊಂದು ಎಸೆದೆ. ಬೌಲರ್ ನಾನು ಆಗಲಿಲ್ಲ, ಆದರೆ ಆ ವರ್ಷದಿಂದ ಹುಡುಗರು ತಂಡ ಹಂಚಿಕೊಳ್ಳುವಾಗ ನನ್ನ ಹೆಸರನ್ನೂ ಕೂಗುತ್ತಿದ್ದರು.

1974ರ ನವೆಂಬರ್‌ನಲ್ಲಿ, ನಾನು ಮೊದಲ ಪಿಯುಸಿಯಲ್ಲಿದ್ದಾಗ, ಸೋದರಮಾವ ನನ್ನನ್ನು ಬೆಂಗಳೂರಿಗೆ ಕರೆಸಿಕೊಂಡು ವೆಸ್ಟ್ ಇಂಡೀಸ್ ಟೆಸ್ಟ್ ತೋರಿಸಿದರು. ಆ ಊರಿನ ಮೊದಲ ಟೆಸ್ಟ್ ಅದು. ವಿವಿಯನ್ ರಿಚರ್ಡ್ಸ್ ಎಂಬ ಹೊಸ ಹುಡುಗನನ್ನು ಚಂದ್ರ ಎರಡು ಇನಿಂಗ್ಸ್‌ಗಳಲ್ಲೂ, 4ಕ್ಕೆ ಮತ್ತು 3ಕ್ಕೆ, ಪ್ರಸನ್ನರ ಕೈಗೆ ಕ್ಯಾಚ್ ಕೊಡಿಸಿದರು. ಪಂದ್ಯ ಸೋತೆವು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯದೇ. ಬೌಂಡರಿಯ ಹತ್ತಿರ ಚೆಂಡು ಬಂದಾಗ ಚಂದ್ರ ಅದನ್ನು ಎತ್ತಿ ಎಡಗೈಯಿಂದ ಎಸೆದರು. ಬೌಲಿಂಗಿಗೆ ಬಲಗೈ, ಎಸೆತಕ್ಕೆ ಎಡಗೈ. ಯಾವ ಕೈಗೆ ಯಾವ ಕೆಲಸ ಎಂದು ಯಾವತ್ತೋ ಹಂಚಿಟ್ಟುಬಿಟ್ಟಿದ್ದರು.

ರಜೆ ಮುಗಿಸಿ ಬಂದ ವಾರವೇ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಟೈಟ್ರೇಶನ್, ಬಣ್ಣ ಬದಲಾಗುವವರೆಗೆ ಹನಿ ಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಪ್ರಯೋಗ. ಅಲ್ಲಿಯವರೆಗೆ ನಾನು ಆ ಪ್ರಯೋಗದ ಲೆಕ್ಕ ಮಾತ್ರ ಬರೆಯುತ್ತಿದ್ದೆ, ಗಾಜು ಮುಟ್ಟುವುದು ಜೊತೆಗಾರ. ಅಂದು ನಾನೇ ಮಾಡುತ್ತೇನೆ ಎಂದೆ. ಮೇಷ್ಟರು ಒಂದು ಕ್ಷಣ ನೋಡಿ, “ಮೊದಲು ತೋಳು ಮಡಿಸಿಕೊಳ್ಳಪ್ಪ, ಆಮ್ಲ ತಾಗೀತು” ಎಂದರು. ಗುಂಡಿ ಬಿಚ್ಚಿ ಮಡಿಸಿದೆ. ಇಡೀ ತರಗತಿ ನನ್ನ ಕೈಯನ್ನು ನೋಡಿದ್ದು ಅದೇ ಮೊದಲು. ಹನಿ ಬಿಡುವ ಗಾಜಿನ ಕೊಳವೆ ಬ್ಯುರೆಟ್ಟಿನ ತಿರುಪನ್ನು ಎಡಗೈಗೆ ಕೊಟ್ಟೆ. ಫ್ಲಾಸ್ಕನ್ನು ಬಲಗೈ ಬೆರಳುಗಳ ನಡುವೆ ಸಿಕ್ಕಿಸಿ ಅಲುಗಾಡಿಸಿದೆ. ಬಿಗಿಯಿಲ್ಲದ ಮಣಿಕಟ್ಟು ತಾನಾಗಿಯೇ ಸುತ್ತಿತು, ದ್ರಾವಣ ಒಂದು ಹನಿಯೂ ಚೆಲ್ಲದೆ ತಿರುಗಿತು. ತಿಳಿಗುಲಾಬಿ ಬಣ್ಣ ಬಂದು ನಿಂತಿತು.

ಮೂರು ಸಲ ಮಾಡಿದೆ. ಮೂರು ಸಲವೂ ಒಂದೇ ಅಳತೆ ಬಂತು. ಮೇಷ್ಟರು ನನ್ನ ಪುಸ್ತಕಕ್ಕೆ ಸಹಿ ಹಾಕಿ, ಮುಂದಿನ ಮೇಜಿಗೆ ಹೋದರು.