ಚರ್ಚಿಗೆ ಬಣ್ಣ ಹೊಡೆಸುವ ಮುನ್ನ ಆರ್ಗನ್ ಮುಚ್ಚಿ

ಪೈಪ್ ಆರ್ಗನ್ ಕೆಟ್ಟಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಈಗ ಮೊದಲು ಕೇಳುವುದು ಒಂದೇ: ಈಚೆಗೆ ಗೋಡೆಗೆ ಸುಣ್ಣ ಬಣ್ಣ ಮಾಡಿಸಿದ್ದೀರಾ? ಕೇಳಿಸಿಕೊಂಡವರಿಗೆ ಪ್ರಶ್ನೆ ವಿಚಿತ್ರವೆನಿಸುತ್ತದೆ. ಮೈಸೂರಿನ ಒಂದು ಹಳೆಯ ಚರ್ಚಿನಲ್ಲಿ ಕ್ರಿಸ್‌ಮಸ್ ಕ್ಯಾರಲ್ ಆರಾಧನೆಯ ಸಂಜೆ ನಾನು ಪಟ್ಟ ಪಾಡು ಅವರಿಗೆ ಗೊತ್ತಿಲ್ಲ.

ನನ್ನ ಕಸುಬು ಹಾರ್ಮೋನಿಯಂ ರಿಪೇರಿ. ಆರ್ಗನ್ ಕೆಲಸ ಕಲಿತದ್ದು ಬೆಂಗಳೂರಿನ ಹಿರಿಯರೊಬ್ಬರ ಕೈಕೆಳಗೆ. ಎರಡೂ ಗಾಳಿಯಿಂದ ನುಡಿಯುವ ವಾದ್ಯಗಳೇ. ಆದರೆ ಹಾರ್ಮೋನಿಯಂ ಅನ್ನು ಮೇಜಿನ ಮೇಲೆ ಬಿಚ್ಚಿಡಬಹುದು, ಆರ್ಗನ್ನಿನೊಳಗೆ ನಾವೇ ನುಸುಳಿಕೊಂಡು ಹೋಗಬೇಕು. ಈ ಚರ್ಚಿನದು ಎರಡು ಮ್ಯಾನುಯಲ್‌ಗಳ, ಅಂದರೆ ಎರಡು ಕೀಸಾಲುಗಳ, ಟ್ರ್ಯಾಕರ್ ಆರ್ಗನ್. ಕೀಯಿಂದ ಕೊಳವೆಗೆ ಗಾಳಿ ಬಿಡುವ ಬಾಗಿಲಾದ ಪ್ಯಾಲೆಟ್‌ವರೆಗೆ ಬರೀ ಟ್ರ್ಯಾಕರ್ ಎಂಬ ತೆಳುವಾದ ಮರದ ಪಟ್ಟಿಗಳು. ದೊಡ್ಡ ಆರ್ಗನ್‌ಗಳಲ್ಲಿ ಕೀಗಳು ಕೈಗೆ ಭಾರವಾಗುತ್ತವೆಂದು 1841ರಲ್ಲಿ ಫ್ರಾನ್ಸಿನ ಸಾಂ ದೆನಿಯಲ್ಲಿ ಆರ್ಗನ್ ತಯಾರಕ ಕವಾಯೆ ಕೋಲ್ ಅವರು ಗಾಳಿಯ ಬಲದಿಂದ ಕೀಯ ಭಾರ ಇಳಿಸುವ ಬಾರ್ಕರ್ ಲಿವರ್ ಅಳವಡಿಸಿದರು. ಮುಂದೆ ವಿದ್ಯುತ್ತೂ ಬಂತು. ನಮ್ಮಲ್ಲಿ ಗಾಳಿ ತುಂಬುವ ಬ್ಲೋವರ್ ಒಂದನ್ನು ಬಿಟ್ಟರೆ ವಿದ್ಯುತ್ತಿಗೆ ಕೆಲಸವಿಲ್ಲ. ಪ್ಯಾಲೆಟ್ ತೆರೆಯುವಾಗಿನ ತಡೆ ನುಡಿಸುವವರ ಬೆರಳಿಗೆ ನೇರವಾಗಿ ತಿಳಿಯುತ್ತದೆ. ಈ ವಾದ್ಯದ ಮೇಲೆ ನನಗಿರುವ ಪ್ರೀತಿಗೆ ಅದೇ ಮುಖ್ಯ ಕಾರಣ.

ಆ ವರ್ಷ ಚರ್ಚಿನ ಸಮಿತಿ ಹಬ್ಬಕ್ಕೆ ಮುಂಚೆ ಸುಣ್ಣ ಬಣ್ಣ ಮಾಡಿಸಿತು. ಬಣ್ಣದವರಿಗೆ ಗೋಡೆ ಸಿಗಲಿಲ್ಲವೆಂದು ಹಿಂದಿನ ಸಾಲಿನ ಹಲವು ಕೊಳವೆಗಳನ್ನು ಎತ್ತಿ ನೆಲದ ಮೇಲಿಟ್ಟು, ಹಳೆಯ ಸುಣ್ಣ ಕೆರೆದು, ಕೊಳವೆಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಮತ್ತೆ ನಿಲ್ಲಿಸಿದ್ದರು. ಆ ಕೊಳವೆಗಳ ತವರ ಮತ್ತು ಸೀಸದ ಮಿಶ್ರಲೋಹ ಹೆಬ್ಬೆರಳಿನಿಂದ ಒತ್ತಿದರೂ ತಗ್ಗು ಬೀಳುವಷ್ಟು ಮೃದು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ತಪ್ಪು ಅವರದಲ್ಲ. ಒಂದು ಮಾತು ಮೊದಲೇ ತಿಳಿಸಿದ್ದರೆ ನಾನೇ ಹೋಗಿ ಇಡೀ ಆರ್ಗನ್ನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬರುತ್ತಿದ್ದೆ. ನನ್ನನ್ನು ಕರೆದದ್ದು ಬಣ್ಣ ಒಣಗಿದ ಮೇಲೆ, ಹಬ್ಬ ಹತ್ತಿರ ಬಂದಾಗ.

ಕೊಳವೆಗಳನ್ನು ಕ್ರಮಕ್ಕೆ ತಂದೆ. ತಗ್ಗುಗಳನ್ನು ಎತ್ತಿದೆ. ಗಾಳಿಯ ಒತ್ತಡ ನೋಡಿದೆ: ಗಾಜಿನ ಕೊಳವೆಯಲ್ಲಿ ನೀರು ಮೂರು ಅಂಗುಲಕ್ಕೆ ನಿಂತಿತು, ಸರಿಯಾಗಿಯೇ ಇತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಮೊದಲ ಆರ್ಗನ್ ಮಾಡಿದಾಗ ಗಾಳಿಯನ್ನು ಹದದಲ್ಲಿ ಹಿಡಿದದ್ದು ನೀರಿನ ಭಾರದಿಂದ. ಈಗ ಆ ಕೆಲಸವನ್ನು ತಿದಿಯ ಮೇಲಿನ ಕಬ್ಬಿಣದ ತೂಕಗಳು ಮಾಡುತ್ತವೆ, ಆದರೂ ಅಳತೆ ನೀರಿನ ಅಂಗುಲಗಳಲ್ಲೇ ಉಳಿದಿದೆ. ಶ್ರುತಿ ಕೂಡಿಸಿ ಮುಗಿಸಿದಾಗ ವಾದ್ಯ ಚೆನ್ನಾಗಿ ನುಡಿಯುತ್ತಿತ್ತು.

ಕ್ಯಾರಲ್ ದಿನ ಬೆಳಗಿನಿಂದ ಜಡಿಮಳೆ. ಸಂಜೆ ಜನ ತುಂಬಿ, ಗಾಯಕವೃಂದ ಬಾಗಿಲಲ್ಲಿ ಮೋಂಬತ್ತಿ ಹಿಡಿದು ನಿಂತಿತ್ತು. ಆರ್ಗನ್ ನುಡಿಸುವ ಮೇಡಂ ಕೈ ಎತ್ತಿದರೂ ಕಪ್ಪು ಮೂರು, ಅಂದರೆ ಮೂರನೇ ಕಪ್ಪು ಕೀಯ ಸ್ವರ, ನಿಲ್ಲಲಿಲ್ಲ. ಇದಕ್ಕೆ ಸೈಫರ್ ಎನ್ನುತ್ತಾರೆ. ಒಂದೇ ಸ್ವರ, ಎಡೆಬಿಡದೆ, ಇಡೀ ಕಟ್ಟಡವನ್ನು ತುಂಬಿಕೊಂಡು. ಮುಂದಿನ ಸಾಲಿನವರು ತಿರುಗಿ ನೋಡತೊಡಗಿದರು. ಸಭಾಪಾಲಕರು ನನ್ನತ್ತ ಕಣ್ಣು ಹಾಯಿಸಿದರು.

ಮಳೆಗೆ ಮರ ಉಬ್ಬಿದೆ, ಕೀ ಕಚ್ಚಿಕೊಂಡಿದೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. "ಗಾಬರಿಯಾಗಬೇಡಿ ಮೇಡಂ, ಥಂಡಿಗೆ ಹೀಗಾಗುತ್ತದೆ," ಎಂದೆ. ಕೀಯನ್ನು ಬೆರಳಿನಿಂದ ಮೇಲೆತ್ತಿದೆ, ಸಡಿಲವಾಗಿಯೇ ಇತ್ತು. ಅಲ್ಲಿಗೆ ನನ್ನ ಊಹೆ ಬಿದ್ದುಹೋಗಬೇಕಿತ್ತು. ಆದರೆ ಮಳೆಯ ಸದ್ದು ಕಿವಿಯಲ್ಲಿ ತುಂಬಿತ್ತು. ಟ್ರ್ಯಾಕರ್ ಎಲ್ಲೋ ಬಾಗಿ ಎಳೆಯುತ್ತಿರಬೇಕೆಂದು ಒಳಗೆ ಹೋಗಿ ಅದರ ತುದಿಯ ತೊಗಲಿನ ಗುಂಡಿಯನ್ನು ಸಡಿಲಿಸಿದೆ. ಸ್ವರ ನಿಲ್ಲಲಿಲ್ಲ. ಪಕ್ಕದ ಟ್ರ್ಯಾಕರ್ ಉಜ್ಜುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ. ಅದೂ ಅಲ್ಲ. "ಎಷ್ಟು ಹೊತ್ತು ಬೇಕಪ್ಪಾ?" ಎಂದು ಕೆಳಗಿನಿಂದ ಯಾರೋ ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ನನ್ನ ಗುರುಗಳು ಹೇಳಿಕೊಟ್ಟ ಕ್ರಮ ಆಗ ನೆನಪಾಯಿತು. ಒಂದೊಂದು ಕೊಳವೆಸಾಲನ್ನು ತೆರೆದು ಮುಚ್ಚುವ ಸ್ಟಾಪ್‌ಗಳನ್ನು ಒಂದೊಂದಾಗಿ ಮುಚ್ಚಿಸಿದೆ. ಡಯಾಪಾಸನ್ ಮುಚ್ಚಿದರೆ ಫ್ಲೂಟ್‌ನಲ್ಲಿ ಅದೇ ಸ್ವರ, ಫ್ಲೂಟ್ ಮುಚ್ಚಿದರೆ ಪ್ರಿನ್ಸಿಪಲ್‌ನಲ್ಲಿ ಅದೇ ಸ್ವರ. ದೋಷ ಒಂದು ಕೊಳವೆಯದಾಗಿದ್ದರೆ ಹೀಗಾಗದು. ಟ್ರ್ಯಾಕರ್ ಸಡಿಲಿಸಿಯೂ ಆಗಿದೆ. ಉಳಿದದ್ದು ಪ್ಯಾಲೆಟ್ ಮಾತ್ರ, ಎಲ್ಲ ಸಾಲುಗಳಿಗೂ ಆ ಸ್ವರದ ಗಾಳಿ ಬಿಡುವ ಒಂದೇ ಬಾಗಿಲು.

ಬ್ಲೋವರ್ ನಿಲ್ಲಿಸಲು ಕೂಗಿ ಹೇಳಿದೆ. ತಿದಿ ಮೆಲ್ಲಗೆ ಕುಸಿಯಿತು, ಸ್ವರವೂ ಅದರೊಂದಿಗೆ ಇಳಿಯುತ್ತಾ ಶ್ರುತಿಗೆಟ್ಟು ಅಡಗಿತು. ಗಾಳಿಪೆಟ್ಟಿಗೆಯ ಮುಂದಿನ ಹಲಗೆ ತೆಗೆದೆ. ಸಾಲಾಗಿ ಪ್ಯಾಲೆಟ್‌ಗಳು, ಪ್ರತಿಯೊಂದರ ಮೇಲ್ಮೈಗೂ ಮೆತ್ತನೆಯ ಬಿಳಿ ತೊಗಲು, ಕೆಳಗೆ ಮೇಲಕ್ಕೊತ್ತುವ ಹಿತ್ತಾಳೆಯ ಸ್ಪ್ರಿಂಗ್. ಕಪ್ಪು ಮೂರರ ಪ್ಯಾಲೆಟ್ ಅಂಚಿನಲ್ಲಿ ಎಳ್ಳಿನ ಕಾಳಿನಷ್ಟು ಸುಣ್ಣದ ಚಕ್ಕೆ, ತೊಗಲಿಗೂ ಮರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕೊಳವೆ ಎತ್ತಿದ ತೂತಿನಿಂದ, ತೆರೆದಿದ್ದ ಸ್ಲೈಡರ್ (ಸ್ಟಾಪ್ ಸರಿಸುವ ಪಟ್ಟಿ) ದಾಟಿ ಒಳಗೆ ಬಿದ್ದು, ನನ್ನ ಶ್ರುತಿ ಕೆಲಸದ ಉದ್ದಕ್ಕೂ ಅಲ್ಲೇ ಎಲ್ಲೋ ಮೂಲೆಯಲ್ಲಿತ್ತು. ಪ್ಯಾಲೆಟ್ ಎಳೆದು ಹಿಡಿದು, ಆರಾಧನೆಯ ಕ್ರಮ ಅಚ್ಚಾಗಿದ್ದ ದಪ್ಪ ಕಾಗದದ ತುದಿಯಿಂದ ಚಕ್ಕೆಯನ್ನು ಹೊರಕ್ಕೆ ಸರಿಸಿದೆ. ಬಾಯಿಯಿಂದ ಊದಬಾರದು, ತೊಗಲಿಗೆ ತೇವ ತಾಗುತ್ತದೆ. ಚೂಪಾದ ಉಪಕರಣವಂತೂ ಕೂಡದು. ಹಲಗೆ ಮುಚ್ಚಿ, ಗುಂಡಿ ಬಿಗಿದು, ಬ್ಲೋವರ್ ಹಾಕಿಸಿದೆ. ಮೊದಲ ಹಾಡು ತಡವಾಗಿ, ಆದರೆ ಪೂರ್ಣ ಆರ್ಗನ್ನಿನೊಂದಿಗೇ ಎದ್ದಿತು.

ಮರುವಾರ ಸಮಿತಿಯ ಸಭೆಗೆ ನನ್ನನ್ನೂ ಕರೆದರು. ಗಾಳಿಪೆಟ್ಟಿಗೆ ಪೂರ್ತಿ ಬಿಚ್ಚಿ ಶುಚಿ ಮಾಡಬೇಕೆಂದು ನಾನು ಹೇಳಿದರೆ, ಸದಸ್ಯರೊಬ್ಬರು ಇಂಗ್ಲೆಂಡಿನ ವಾದ್ಯ ನಮ್ಮ ಹವೆಗೆ ಹೊಂದದು, ಎಲೆಕ್ಟ್ರಾನಿಕ್ ಕೀಬೋರ್ಡ್ ತರೋಣ ಎಂದರು. ನನಗೆ ಸಿಟ್ಟು ಬಂತು. ನಮಗಿಂತ ಹೆಚ್ಚು ತೇವದ ಹವೆಯ ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್‌ನಲ್ಲಿ ದಿಯೆಗೊ ಸೇರಾ ಎಂಬ ಪಾದ್ರಿ 1824ರಲ್ಲಿ ಮುಗಿಸಿದ ಆರ್ಗನ್ನಿನ 1,031 ಕೊಳವೆಗಳಲ್ಲಿ 902 ಬಿದಿರಿನವು. ಅದು ಇಂದಿಗೂ ನುಡಿಯುತ್ತದೆ. ಹವೆಯಲ್ಲ, ಆರೈಕೆ ಮುಖ್ಯ. ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟ ಜಯಚಾಮರಾಜ ಒಡೆಯರ್ ಅವರ ಊರಿನಲ್ಲಿ ಇಂಥ ವಾದ್ಯವನ್ನು ಪರದೇಶಿ ಎಂದು ಮೂಲೆಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕೀಬೋರ್ಡ್ ಜೊತೆಗಿಟ್ಟು ಎರಡನ್ನೂ ಒಂದೇ ಶ್ರುತಿಗೆ ತನ್ನಿ ಎಂದೂ ಕೇಳಿದರು. ಅದು ನಿಲ್ಲುವ ಶ್ರುತಿಯಲ್ಲ. ಬಿಸಿ ಏರಿದಂತೆ ಶಬ್ದದ ವೇಗ ಹೆಚ್ಚಿ, ಕೊಳವೆಯ ಶ್ರುತಿ ಡಿಗ್ರಿಗೆ ಸುಮಾರು ಮೂರು ಸೆಂಟ್ ಮೇಲೇರುತ್ತದೆ; ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು. ಹತ್ತು ಡಿಗ್ರಿ ಏರಿದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಅಂತರ. ಡಿಸೆಂಬರ್‌ನಲ್ಲಿ ಕೂಡಿಸಿದ್ದು ಏಪ್ರಿಲ್‌ನಲ್ಲಿ ಕೂಡುವುದಿಲ್ಲ, ಕೀಬೋರ್ಡ್ ಮಾತ್ರ ಅಲ್ಲೇ ಇರುತ್ತದೆ.

ಕೊನೆಗೆ ಶುಚಿ ಮಾಡಲು ಹಣ ಮಂಜೂರಾಯಿತು, ಪೆಟ್ಟಿಗೆಯೊಳಗಿಂದ ಒಂದು ಹಿಡಿ ಸುಣ್ಣದ ಪುಡಿ ಬಂತು. ತಿದಿಯ ಮೂಲೆಗಳ ತೊಗಲು ಬಿರುಕು ಬಿಟ್ಟಿದೆ, ಅದು ಮುಂದಿನ ಕೆಲಸ. ಅಗ್ಗವಾಗುತ್ತದೆ, ರೆಕ್ಸಿನ್ ಹಾಕಿ ಎನ್ನುತ್ತಿದ್ದಾರೆ. ಕುರಿಯ ತೊಗಲಿನ ಅಂದಾಜುಪಟ್ಟಿಯನ್ನೇ ಕೊಟ್ಟು ಬಂದಿದ್ದೇನೆ. ರೆಕ್ಸಿನ್ನೇ ಬೇಕೆಂದಾದರೆ ಅವರು ಬೇರೆಯವರನ್ನು ನೋಡಿಕೊಳ್ಳಬೇಕು.