"ಯೂನಿಟಿಯೊಳಗ ಎಲ್ಲಾ ಅದಲ್ರೀ, ಮತ್ತ ಅಲ್ಗಾರಿದಮ್ ಯಾಕ್ರೀ?"

ಕಲಬುರಗಿ, ಬೀದರ್, ಯಾದಗಿರಿ ಕಡೆ ಗೇಮ್ ಮಾಡಲು ಕೂತ ಹುಡುಗರು ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆ ಇದು: "ಸರ್, ವೈರಿಗೆ ಅಲ್ಲಿಗೆ ಹೋಗು ಅಂದ್ರ ತಾನೇ ದಾರಿ ಹುಡುಕ್ಕೊಂಡು ಹೋಗ್ತದ. ಯೂನಿಟಿಯೊಳಗ ಎಲ್ಲಾ ಅದಲ್ರೀ, ಮತ್ತ ಅಲ್ಗಾರಿದಮ್ ಯಾಕ್ ಓದಬೇಕ್ರೀ?"

ಯೂನಿಟಿ ಅಂದರೆ ಗೇಮ್ ಕಟ್ಟುವ ಸಿದ್ಧ ಸಾಫ್ಟ್‌ವೇರ್, ಅಂದರೆ ಗೇಮ್ ಎಂಜಿನ್; ಅಲ್ಗಾರಿದಮ್ ಅಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಮಾಡುವ ವಿಧಾನ. ಅದನ್ನು ಓದದೆಯೂ ಗೇಮ್ ಆಗುತ್ತದೆ. ನಕ್ಷೆ ಸಣ್ಣದಿದ್ದು, ಬಾಗಿಲುಗಳೆಲ್ಲ ತೆರೆದಿದ್ದು, ವೈರಿಗಳು ಐದಾರು ಮಂದಿ ಇರುವ ತನಕ ಯಾವ ತೊಂದರೆಯೂ ಇಲ್ಲ. ತೊಂದರೆ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಬೀದರ್ ಕೋಟೆಯನ್ನೇ ಒಂದು ಲೆವೆಲ್ ಮಾಡಿ ನೋಡೋಣ. ನಕ್ಷೆ 200 ಅಡ್ಡ, 200 ಉದ್ದ; ಒಟ್ಟು 40,000 ಚೌಕ. ಗೋಡೆ ಮತ್ತು ಕಂದಕದ ಚೌಕಗಳ ಮೇಲೆ ಕಾಲಿಡುವಂತಿಲ್ಲ.

ದಾರಿ ಹುಡುಕುವ ಹಳೆಯ ವಿಧಾನ ಡೈಕ್‌ಸ್ಟ್ರಾ ಎಂಬ ಡಚ್ ಕಂಪ್ಯೂಟರ್ ವಿಜ್ಞಾನಿ 1959ರಲ್ಲಿ ಪ್ರಕಟಿಸಿದ್ದು; ಅವರ ಹೆಸರಿನಿಂದಲೇ ಕರೆಯುತ್ತಾರೆ. ನೀರು ಚೆಲ್ಲಿದರೆ ಹೇಗೆ ಹರಡುತ್ತದೋ ಹಾಗೆ ಅದು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ. ಬಯಲಿನಲ್ಲಿ ನಾಲ್ಕೇ ದಿಕ್ಕಿಗೆ ನಡೆಯಬಹುದು, ಗುರಿ ನೇರ ಮುಂದೆ 30 ಚೌಕ ದೂರ ಇದೆ ಅನ್ನಿ. 30 ಹೆಜ್ಜೆಯೊಳಗೆ ಸಿಗುವ ಚೌಕಗಳು 1,861. ಹೆಚ್ಚುಕಡಿಮೆ ಅಷ್ಟನ್ನೂ ಅದು ಮುಟ್ಟಿ ಬರುತ್ತದೆ, ಬೆನ್ನ ಹಿಂದಿನವನ್ನೂ ಬಿಡದೆ.

ಇದಕ್ಕೆ ಮದ್ದು 1968ರಲ್ಲಿ ಬಂತು. ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಶೇಕಿ ಎಂಬ ರೋಬೋದ ಕೆಲಸದ ನಡುವೆ ಕಟ್ಟಿದ ಎ-ಸ್ಟಾರ್ ಅದು. ಯೂನಿಟಿಯ ಹೊಟ್ಟೆಯೊಳಗಿರುವುದೂ ಇದೇ. ಪ್ರತಿ ಚೌಕಕ್ಕೂ ಎರಡು ಲೆಕ್ಕ: ಇಲ್ಲಿಯವರೆಗೆ ಆದ ಖರ್ಚು, ಇಲ್ಲಿಂದ ಗುರಿಗೆ ಉಳಿದ ದೂರದ ಅಂದಾಜು. ಎರಡರ ಮೊತ್ತ ಎಲ್ಲಿ ಕಡಿಮೆಯೋ ಆ ಚೌಕ ಮೊದಲು. ಅದೇ ಬಯಲಿನಲ್ಲಿ ಇದು ತೆರೆದು ನೋಡುವುದು 31 ಚೌಕ ಮಾತ್ರ.

ಆಟವೆಲ್ಲ ಇರುವುದು ಆ ಅಂದಾಜಿನಲ್ಲಿ. ಅದಕ್ಕೆ ಒಂದೇ ಶರತ್ತು: ನಿಜದ ದೂರಕ್ಕಿಂತ ಹೆಚ್ಚು ಹೇಳಬಾರದು. ಕಲಬುರಗಿಯಿಂದ ಬೀದರ್‌ಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 98 ಕಿಲೋಮೀಟರ್. ಕಮಲಾಪುರ, ಹುಮನಾಬಾದ್ ಹಿಡಿದು ಹೋಗುವ ರಸ್ತೆ ಅದಕ್ಕಿಂತ ಉದ್ದ. ಯಾವ ರಸ್ತೆ ಹಾಕಿದರೂ 98ಕ್ಕಿಂತ ಕಡಿಮೆಯಾಗದು. ಹಾಗಾಗಿ ನೇರ ಗೆರೆ ನಂಬಬಹುದಾದ ಅಂದಾಜು. ಹೆಚ್ಚು ಹೇಳುವ ಅಂದಾಜು ಒಳ್ಳೆಯ ದಾರಿಯನ್ನು ನೋಡುವ ಮೊದಲೇ ತಳ್ಳಿಹಾಕಿಬಿಡುತ್ತದೆ.

ಈ ತಪ್ಪು ಗೊತ್ತಿಲ್ಲದೆಯೇ ಆಗುವುದು ಹೀಗೆ. ಬೀದರ್‌ನವರಿಗೆ ಕರೇಜ್ ಗೊತ್ತೇ ಇದೆ, ನೆಲದಡಿಯ ನೀರಿನ ಸುರಂಗ. ನಿಜದ್ದು ನೀರಿಗೆ, ನಮ್ಮ ಲೆವೆಲ್‌ನಲ್ಲಿ ನುಸುಳುವುದಕ್ಕೆ. ಗುರಿ ವೈರಿಯ ಎದುರಿಗೆ 40 ಚೌಕ ದೂರ. ಸುರಂಗದ ಬಾಯಿ ಅವನ ಬೆನ್ನ ಹಿಂದೆ 6 ಚೌಕ, ದಾಟುವ ಖರ್ಚು 5, ಆಚೆ ಬಾಯಿಂದ ಗುರಿಗೆ 4. ಒಟ್ಟು 15ರಲ್ಲಿ ತಲುಪಬೇಕು. ಆದರೆ ಅವನು 40 ಚೌಕ ನಡೆದೇ ಹೋಗುತ್ತಾನೆ. ಯಾಕೆ? ಒಂದು ಹೆಜ್ಜೆ ಹಿಂದಿಟ್ಟರೆ ಖರ್ಚು 1, ಅಂದಾಜು 41, ಮೊತ್ತ 42. ಮುಂದಿನ ಚೌಕಗಳಿಗೆಲ್ಲ ಮೊತ್ತ 40. ಹಿಂದಿನ ಚೌಕದ ಪಾಳಿ ಬರುವುದರೊಳಗೆ ಹುಡುಕಾಟವೇ ಮುಗಿದಿರುತ್ತದೆ. ಕೋಡ್‌ನಲ್ಲಿ ದೋಷವಿಲ್ಲ; ಸುರಂಗ ಬಂದ ಮೇಲೆ ಅಂದಾಜು ಸುಳ್ಳಾಯಿತು, ಅಷ್ಟೇ. ಸರಿಪಡಿಸಲು ಎರಡು ಲೆಕ್ಕ ಹಾಕಿ ಸಣ್ಣದನ್ನು ಇಟ್ಟುಕೊಳ್ಳಬೇಕು: ನೇರ ದೂರ ಒಂದು, ಸುರಂಗದ ಬಾಯಿಯ ತನಕದ ದೂರ, ದಾಟುವ ಖರ್ಚು, ಆಚೆ ಬಾಯಿಂದ ಗುರಿಗೆ ದೂರ ಈ ಮೂರರ ಮೊತ್ತ ಇನ್ನೊಂದು. ಆಗ ಮೊದಲ ಚೌಕದ ಅಂದಾಜೇ 15 ಬರುತ್ತದೆ.

ಚೌಕದ ಮೂಲೆ ದಾಟಿ ಓರೆಯಾಗಿ ನಡೆಯಲು ಬಿಟ್ಟರೂ ಇದೇ ಕಥೆ. ನೇರ ಹೆಜ್ಜೆಗೆ 10, ಮೂಲೆಯ ಹೆಜ್ಜೆಗೆ 14 ಖರ್ಚು ಇಡುವುದು ವಾಡಿಕೆ, 1.414 ಅನ್ನುವ ದಶಮಾಂಶದ ಗೋಜಿಲ್ಲ. ಅಡ್ಡ 15, ಉದ್ದ 15 ಇರುವ ಗುರಿಗೆ ನಿಜದ ಖರ್ಚು 210. ನಾಲ್ಕು ದಿಕ್ಕಿನ ನಡಿಗೆಗೆ ಬಳಸುವ, ಅಡ್ಡ ಮತ್ತು ಉದ್ದದ ಚೌಕಗಳನ್ನು ಕೂಡಿಸುವ ಹಳೆಯ ಅಂದಾಜನ್ನು ಬದಲಿಸದೆ ಬಿಟ್ಟರೆ ಅದು 300 ಅನ್ನುತ್ತದೆ. ಅಡ್ಡ-ಉದ್ದದಲ್ಲಿ ಸಣ್ಣದನ್ನು 14ರಿಂದ, ಉಳಿದ ವ್ಯತ್ಯಾಸವನ್ನು 10ರಿಂದ ಗುಣಿಸಿ ಕೂಡಿಸಬೇಕು.

ಸಣ್ಣದೊಂದು ಸಂಗತಿ, ಆದರೆ ವೇಗದಲ್ಲಿ ಎದ್ದು ಕಾಣುವಂಥದ್ದು: ಮೊತ್ತ ಸಮವಾದಾಗ ಯಾರಿಗೆ ಮೊದಲ ಪಾಳಿ? ನಾಲ್ಕು ದಿಕ್ಕಿನ ಬಯಲಿನಲ್ಲಿ ಗುರಿ 15 ಅಡ್ಡ, 15 ಉದ್ದ ಇದ್ದರೆ ನಡುವಿನ 256 ಚೌಕಗಳಿಗೂ ಮೊತ್ತ 30 ಬರುತ್ತದೆ. ಪಾಳಿಯ ನಿಯಮ ಇಲ್ಲದಿದ್ದರೆ 256ನ್ನೂ ತೆರೆಯಬೇಕಾದೀತು. ಅಂದಾಜು ಕಡಿಮೆ ಇದ್ದವರಿಗೆ ಮೊದಲು ಅಂತ ಒಂದು ಸಾಲು ಬರೆದರೆ 31ಕ್ಕೆ ಮುಗಿಯುತ್ತದೆ. ಕಾಯುವ ಚೌಕಗಳನ್ನು ಸಾದಾ ಪಟ್ಟಿಯಲ್ಲಿಟ್ಟು ಪ್ರತಿ ಸಲ ಹುಡುಕಬೇಡಿ, ಅತಿ ಸಣ್ಣದು ಯಾವಾಗಲೂ ಮೇಲೆಯೇ ಇರುವ ಮರದಂಥ ಜೋಡಣೆಯಾದ ಹೀಪ್ ಬಳಸಿ. 40,000 ಇದ್ದರೂ ಒಂದು ಹೀಪ್ ಹದಿನಾರೇ ಮಜಲು.

ಇನ್ನು ಬಾಗಿಲು. ಎ-ಸ್ಟಾರ್ ಅತಿ ನಿಧಾನವಾಗುವುದು ದಾರಿ ಉದ್ದವಿದ್ದಾಗ ಅಲ್ಲ, ದಾರಿಯೇ ಇಲ್ಲದಾಗ. ಕೋಟೆಯ ಬಾಗಿಲು ಹಾಕಿದರೆ ಹೊರಗಿನ ಸೈನಿಕ ತಾನು ಮುಟ್ಟಬಹುದಾದ ಎಲ್ಲ ಚೌಕಗಳನ್ನೂ ತಡಕಿದ ಮೇಲೆಯೇ "ಇಲ್ಲ" ಅನ್ನಲು ಸಾಧ್ಯ. 50 ಸೈನಿಕರು ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ, ಹೀಗೆ ತಡಕಿದರೆ ಮುಗಿಯಿತು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವುದು 16.6 ಮಿಲಿಸೆಕೆಂಡ್, ಅದರಲ್ಲೇ ಚಿತ್ರ, ಸದ್ದು, ಡಿಕ್ಕಿ ಎಲ್ಲ ಆಗಬೇಕು. ಬಾಗಿಲು ತೆರೆದಾಗ ಅಥವಾ ಹಾಕಿದಾಗ ಒಮ್ಮೆ ಮಾತ್ರ ನಕ್ಷೆಗೆ ಬಣ್ಣ ತುಂಬಿ: ಒಂದಕ್ಕೊಂದು ಕೂಡಿಕೊಂಡ ಚೌಕಗಳಿಗೆಲ್ಲ ಒಂದೇ ನಂಬರು. ಹುಡುಕುವ ಮೊದಲು ಸೈನಿಕನ ನಂಬರು, ಗುರಿಯ ನಂಬರು ಹೋಲಿಸಿ. ಬೇರೆ ಬೇರೆ ಇದ್ದರೆ ಹುಡುಕುವುದೇ ಬೇಡ.

ಯೂನಿಟಿಯ ನ್ಯಾವ್‌ಮೆಶ್, ಅಂದರೆ ನಡೆಯಬಹುದಾದ ಜಾಗದ ನಕ್ಷೆ ಇಟ್ಟು ದಾರಿ ಹುಡುಕಿಕೊಡುವ ಭಾಗ, ಇಂಥ ಕಡೆ ಅರ್ಧ ದಾರಿ ಕೊಟ್ಟು, ಸ್ಥಿತಿ "ಪಾತ್‌ಪಾರ್ಷಿಯಲ್" ಅಂತ ಹೇಳುತ್ತದೆ. ಅದನ್ನು ಓದದ ಕೋಡ್‌ನಲ್ಲಿ ಸೈನಿಕರೆಲ್ಲ ಕಂದಕದ ಅಂಚಿಗೆ ಬಂದು, ಗೋಡೆ ನೋಡುತ್ತ ಗುಂಪಾಗಿ ನಿಂತುಬಿಡುತ್ತಾರೆ. ಎಂಜಿನ್ ಕೆಟ್ಟಿದೆ ಅಂತ ಬೈಯುವುದು ಸಾಮಾನ್ಯವಾಗಿ ಇಲ್ಲೇ.

200 ಸೈನಿಕರು ಒಬ್ಬ ಆಟಗಾರನ ಬೆನ್ನು ಹತ್ತಿದ್ದರೆ ಎ-ಸ್ಟಾರ್ ಬಿಡಿ, ಹಳೆಯ ಡೈಕ್‌ಸ್ಟ್ರಾನೇ ವಾಸಿ. ಆಟಗಾರನ ಚೌಕದಿಂದ ಒಂದು ಸಲ ಹೊರಕ್ಕೆ ಹರಡಿಸಿ ಪ್ರತಿ ಚೌಕದಲ್ಲೂ ದೂರ ಬರೆದಿಡಿ. ಚೌಕಕ್ಕೆ 2 ಬೈಟ್ ಅಂದರೂ 80,000 ಬೈಟ್. ಸೈನಿಕರು ಅಕ್ಕಪಕ್ಕ ನೋಡಿ ಸಣ್ಣ ಸಂಖ್ಯೆಯ ಕಡೆ ಕಾಲಿಟ್ಟರೆ ಸಾಕು.

ಕೊನೆಯದಾಗಿ, ಯೂನಿಟಿಯಲ್ಲಿ ಯಾವ ಬಟನ್ನೂ ಇಲ್ಲದ ಕೆಲಸ: ಕೋಟೆಯಲ್ಲಿ ಚೆಲ್ಲಿದ 12 ನಾಣ್ಯಗಳನ್ನೂ ಆರಿಸಿಕೊಂಡು ಬರುವ ಅತಿ ಚಿಕ್ಕ ದಾರಿ. ಎರಡು ಚೌಕಗಳ ನಡುವಿನ ದಾರಿ ಸುಲಭದ ಲೆಕ್ಕ. ಇದು ಬೇರೆ ಜಾತಿಯದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮಗಳೇ 47,90,01,600. "ಯಾವ್ಯಾವ ನಾಣ್ಯ ಆಯಿತು, ಈಗ ಯಾವುದರ ಮೇಲಿದ್ದೇನೆ" ಅಂತ ಮಾತ್ರ ನೆನಪಿಟ್ಟರೆ ಸ್ಥಿತಿಗಳು 12 × 4,096 (ಪ್ರತಿ ನಾಣ್ಯವೂ ಆಯಿತು ಅಥವಾ ಇಲ್ಲ ಅನ್ನುವ ಬಗೆಗಳು 4,096), ಅಂದರೆ 49,152ಕ್ಕೆ ಇಳಿಯುತ್ತವೆ; ಫೋನೂ ಮಾಡುತ್ತದೆ. ಆದರೆ ಡಿಸೈನರ್ ಬಂದು 30 ನಾಣ್ಯ ಇರಲಿ ಅಂದರೆ ಅದೇ ಲೆಕ್ಕ 3,200 ಕೋಟಿ ದಾಟುತ್ತದೆ. ಆಗ ಅತಿ ಚಿಕ್ಕದರ ಆಸೆ ಬಿಟ್ಟು, ಹತ್ತಿರದ ನಾಣ್ಯ ಮೊದಲು ಅಂತ ಒಂದು ದಾರಿ ಹಾಕಿ. ಆಮೇಲೆ ಅದರ ಯಾವುದಾದರೂ ಒಂದು ತುಂಡನ್ನು ತಿರುವುಮುರುವು ಮಾಡಿ ನೋಡಿ; ಒಟ್ಟು ಇಳಿದರೆ ಹಾಗೇ ಇರಲಿ, ಇಲ್ಲದಿದ್ದರೆ ಇನ್ನೊಂದು ತುಂಡು. ಫ್ರೇಮ್‌ಗೆ 2 ಮಿಲಿಸೆಕೆಂಡ್ ಮೀಸಲಿಟ್ಟು, ಇಳಿಯುವುದು ನಿಲ್ಲುವ ತನಕ ಮಾಡಿದರೆ ಸಾಕು.