ಅಡಿಕೆ ಸಿಪ್ಪೆಯಿಂದ ಎಣ್ಣೆ: 14ನೇ ಟ್ರಯಲ್‌ವರೆಗೆ

ಕಚ್ಚಾವಸ್ತು ಬದಿಯಡ್ಕ ಕಡೆಯ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ಸಿಪ್ಪೆ. ವೇಗವರ್ಧಕ ಜಡ್‌ಎಸ್‌ಎಂ-5 ಜಿಯೋಲೈಟ್, ಅಂದರೆ ಸೂಕ್ಷ್ಮ ರಂಧ್ರಗಳಿರುವ ಅಲ್ಯೂಮಿನಿಯಂ-ಸಿಲಿಕಾ ಹರಳು. ಅದರ ರಂಧ್ರ ಸುಮಾರು 0.55 ನ್ಯಾನೊಮೀಟರ್, ಎಣ್ಣೆಯ ಭಾಗಗಳಾದ ಬೆಂಜೀನ್, ಟೊಲ್ವೀನ್, ಕ್ಸೈಲೀನ್ ನುಸುಳುವಷ್ಟೇ ಜಾಗ.

ಟ್ರಯಲ್ 1–5: ಸಿಪ್ಪೆ ಹುಡಿ, ವೇಗವರ್ಧಕ ಎರಡನ್ನೂ ಬೆರೆಸಿ ನೈಟ್ರೋಜನ್‌ನಲ್ಲಿ 500 ಡಿಗ್ರಿಗೆ ಕಾಯಿಸಿದ್ದೇ ತಪ್ಪು. ಮೊದಲ ಸಲ ತೆಳು ಎಣ್ಣೆ ನೀರಿನ ಮೇಲೆ ತೇಲಿತು. ಐದನೇ ಸಲ ಕಪ್ಪು ಟಾರು ತಳ ಸೇರಿತು. ಪ್ರತಿ ಸಲ 550 ಡಿಗ್ರಿಯಲ್ಲಿ ಗಾಳಿ ಹಾಯಿಸಿ ಸುಟ್ಟಾಗ ಕೋಕ್ (ವೇಗವರ್ಧಕಕ್ಕೆ ಅಂಟಿದ ಇಂಗಾಲ) ಹೋಗುತ್ತಿತ್ತು, ಸಿಪ್ಪೆಯ ಬೂದಿ ಮಾತ್ರ ಅಲ್ಲೇ ಉಳಿಯುತ್ತಿತ್ತು. ಆ ಬೂದಿಯ ಪೊಟ್ಯಾಸಿಯಂ ಆಮ್ಲತಾಣದ (ವೇಗವರ್ಧಕ ಕೆಲಸ ಮಾಡುವ ಜಾಗ) ಪ್ರೋಟಾನನ್ನು ತಳ್ಳಿ ಕೂತರೆ ಎಷ್ಟು ಸುಟ್ಟರೂ ಏಳುವುದಿಲ್ಲ.

ಟ್ರಯಲ್ 6ಕ್ಕೆ ಮೊದಲು ಆ ಪೊಟ್ಯಾಸಿಯಂ ಅನ್ನು ನವಸಾಗರದಿಂದ (ಅಮೋನಿಯಂ ಕ್ಲೋರೈಡ್) ಬಿಡಿಸಿದೆವು. ಲೀಟರಿಗೆ 53.5 ಗ್ರಾಂ ಕರಗಿಸಿದ ದ್ರಾವಣ 200 ಮಿಲಿಗೆ 10 ಗ್ರಾಂ ವೇಗವರ್ಧಕ, 80 ಡಿಗ್ರಿ, ಎರಡು ಗಂಟೆ. ಹೊಸ ದ್ರಾವಣದಲ್ಲಿ ಮೂರು ಸಲ. ತೊಳೆದ ನೀರು ಸಿಲ್ವರ್ ನೈಟ್ರೇಟ್ ಹನಿಗೆ ಬೆಳ್ಳಗಾಗುವುದು ನಿಲ್ಲುವವರೆಗೆ ಡಿಸ್ಟಿಲ್ಡ್ ನೀರಲ್ಲಿ ತೊಳೆಯಬೇಕು. ಆಮೇಲೆ 110 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ, ನಿಮಿಷಕ್ಕೆ 2 ಡಿಗ್ರಿಯಂತೆ 550ಕ್ಕೇರಿಸಿ ಐದು ಗಂಟೆ. ಅಮೋನಿಯ ಹೊರಟು ತಾಣದಲ್ಲಿ ಪ್ರೋಟಾನ್ ಉಳಿಯುತ್ತದೆ, ಎಕ್ಸಾಸ್ಟ್ ಬೇಕೇ ಬೇಕು. ಒದ್ದೆಯಿರುವಾಗ ಅವಸರದಲ್ಲಿ ಕಾಯಿಸಿದರೆ ನೀರಿನ ಹಬೆ ಜಿಯೋಲೈಟ್‌ನ ಚೌಕಟ್ಟಿನಿಂದ ಅಲ್ಯೂಮಿನಿಯಂ ಕೀಳುತ್ತದೆ. ಆ ನಷ್ಟಕ್ಕೆ ಮದ್ದಿಲ್ಲ.

ಟ್ರಯಲ್ 7–14: ಈಗ ಸಿಪ್ಪೆ ಮೇಲೆ, ವೇಗವರ್ಧಕ ಕೆಳಗೆ, ನಡುವೆ ಕ್ವಾರ್ಟ್ಜ್ ಉಣ್ಣೆ. ಕಾದ ಸಿಪ್ಪೆಯ ಹಬೆ ಮಾತ್ರ ಇಳಿಯುತ್ತದೆ, ಬೂದಿ ಮೇಲೆಯೇ ಉಳಿಯುತ್ತದೆ. ಸಿಪ್ಪೆ 10 ಗ್ರಾಂ, ವೇಗವರ್ಧಕ 5 ಗ್ರಾಂ, ನೈಟ್ರೋಜನ್ ನಿಮಿಷಕ್ಕೆ 200 ಮಿಲಿ. ವೇಗವರ್ಧಕವನ್ನು ಹುಡಿಯಾಗಿಯೇ ತುಂಬಿದರೆ ಒತ್ತಡ ಏರುತ್ತದೆ. ಬಿಲ್ಲೆ ಒತ್ತಿ, ಒಡೆದು, 0.5–1 ಮಿಮೀ ಜರಡಿ ಹಿಡಿಯುವುದು ಒಳ್ಳೆಯದು. ಸಿಪ್ಪೆಯ ನಾರು ಕೊಳವೆಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ, 2 ಮಿಮೀಗಿಂತ ಸಣ್ಣದಾಗಿ ಕತ್ತರಿಸಲೇಬೇಕು. ಮಳೆಗಾಲದಲ್ಲಿ 105 ಡಿಗ್ರಿಯಲ್ಲಿ ಒಣಗಿಸಿದ್ದೂ ಬೇಗ ತೇವ ಎಳೆಯುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಂಡೆನ್ಸರ್‌ನ ಬಾಯಲ್ಲಿ ಬಿಳಿ ಹರಳು ಕಟ್ಟಿ ದಾರಿ ಮುಚ್ಚಿತು: ನುಸಿಗುಳಿಗೆಯ ವಾಸನೆ, ನ್ಯಾಫ್ತಲೀನ್. ಅದು ಕರಗುವುದು 80 ಡಿಗ್ರಿಗೆ. ಹಾಗಾಗಿ ಮೊದಲ ಪಾತ್ರೆಯನ್ನು 90ರಲ್ಲಿಟ್ಟು, ಎರಡನೆಯದನ್ನು ಮಾತ್ರ ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಇಡುತ್ತಿದ್ದೇವೆ. ಹೊರಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ಎಣ್ಣೆಯಲ್ಲಿ ಬೆಂಜೀನ್. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲ.

10 ಗ್ರಾಂ ಸಿಪ್ಪೆಗೆ 1 ಗ್ರಾಂ ಎಣ್ಣೆ ಸಿಕ್ಕರೂ ಒಳ್ಳೆಯ ಟ್ರಯಲ್ ಅನ್ನಬೇಕು. ಸಿಪ್ಪೆಯ ಆಮ್ಲಜನಕ ನೀರಾಗಿ, ಕಾರ್ಬನ್ ಆಕ್ಸೈಡ್‌ಗಳಾಗಿ ಹೋಗುವಾಗ ಹೈಡ್ರೋಜನ್, ಕಾರ್ಬನ್ ಎರಡನ್ನೂ ಒಯ್ಯುತ್ತದೆ.

ಮುಂದಿನ ಟ್ರಯಲ್‌ಗೆ ತೊಳೆದ ಸಿಪ್ಪೆ: ಲೀಟರ್ ಬಿಸಿನೀರಿಗೆ 50 ಗ್ರಾಂ, ಒಂದು ಗಂಟೆ. ಪೊಟ್ಯಾಸಿಯಂ ಬಹುಪಾಲು ನೀರಿಗೆ ಬಿಡುತ್ತದೆ. ಆ ನೀರು ಅಡಿಕೆ ಮರದ ಬುಡಕ್ಕೆ.